ಮೂವರು ಗೌಂಡಿಗಳಿಗೆ ಎಲೆ ಅಡಿಕೆ

ಮನೆ ಕಟ್ಟುವುದು ದೊಡ್ಡದಲ್ಲ, ಕಟ್ಟುವವನನ್ನು ಆರಿಸುವುದು ದೊಡ್ಡದು! ಅಕ್ಕಿಆಲೂರಿನ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ನಿಂತು ನಾನು ಎದೆಯುಬ್ಬಿಸಿ ಘೋಷಿಸಿದೆ. ಅಕ್ಕಿ ಗಿರಣಿಯ ಮ್ಯಾನೇಜರ್ ನಾನು. ಹಮಾಲರಿಂದ ಹಿಡಿದು ಲಾರಿ ಡ್ರೈವರ್‌ಗಳ ತನಕ ಎಲ್ಲರನ್ನೂ ಸಂದರ್ಶನ ಮಾಡಿಯೇ ತೆಗೆದುಕೊಂಡವನು. ಒಬ್ಬ ಗೌಂಡಿಯನ್ನು ಆರಿಸಲಾರೆನೇ?

"ಗೌಂಡಿ ಯಾರರ ಆಗ್ಲಿ," ಎಂದಳು ಹೆಂಡತಿ ನೀಲಾಂಬಿಕಾ. "ನನಗ ಬೆಳಕಿರೋ ಅಡಗಿಮನಿ ಬೇಕ್ರಿ. ಮದುವಿ ಆದಾಗಿಂದ ಹಗಲಹೊತ್ತಿನಾಗೂ ಲೈಟ್ ಹಾಕ್ಕೊಂಡ ರೊಟ್ಟಿ ಬಡಿಯಾಕತ್ತೇನಿ."

"ಅದು ಸಣ್ಣ ವಿಚಾರ. ಮೊದಲ ಸಂದರ್ಶನ!"

ರವಿವಾರ ಮೂವರನ್ನು ಬೇರೆ ಬೇರೆ ಹೊತ್ತಿಗೆ ಕರೆಸಿದೆ. ನನ್ನ ಕುರ್ಚಿಯ ಕೆಳಗೆ ಹಲಗೆ ಇಟ್ಟು ಎತ್ತರ ಮಾಡಿಕೊಂಡಿದ್ದೆ. ಅಧಿಕಾರಕ್ಕೆ ಎತ್ತರ ಬೇಕು!

"ನಿಮ್ಮ ದೌರ್ಬಲ್ಯ ಏನ್ರಿ?" ಎಂದು ಹಿರೇಕೆರೂರಿನ ದ್ಯಾಮಪ್ಪನನ್ನು ಕೇಳಿದೆ.

"ಚಾ ರೀ," ಎಂದ.

"ಐದು ವರ್ಷಕ್ಕ ನೀವು ಎಲ್ಲಿರ್ತೀರಿ?" ಇದು ಶಿಗ್ಗಾಂವಿಯ ಶರಣುವಿಗೆ.

"ನಿಮ್ಮ ಮನಿ ಮುಗಿದಿದ್ರ ಬ್ಯಾರೆ ಕಡೆ ಇರ್ತೇನ್ರಿ."

ಕೊನೆಗೆ ಸವಣೂರಿನ ಮುನಾಫ. "ನಿಮ್ಮನ್ನ ಯಾಕ ತಗೋಬೇಕು?"

"ನೀವ ಕರದೀರಲ್ರಿ ಸಾಹೇಬ್ರ!"

ಬಂದವರನ್ನು ಬರಿಗೈಲಿ ಕಳಿಸುವುದು ನಮ್ಮ ಮನೆತನಕ್ಕೆ ಶೋಭೆಯೇ? ಒಬ್ಬೊಬ್ಬರು ಎದ್ದಾಗಲೂ ಸವಣೂರು ಎಲೆ, ಅಡಿಕೆ, ಮೇಲೊಂದು ತೆಂಗಿನಕಾಯಿ ಇಟ್ಟು ಕೈಗೆ ಕೊಟ್ಟೆ. ಮೂವರೂ ಅದನ್ನು ಹಣೆಗೆ ಒತ್ತಿಕೊಂಡು ಹೋದರು. ನನ್ನ ಮೇಲಿನ ಗೌರವ ಎಂದುಕೊಂಡೆ.

"ಎಲಿ ಅಡಿಕಿ ಮ್ಯಾಲ ಕಾಯಿ ಇಟ್ಟು ಕೊಟ್ರ ಮಾತು ಮುಗದಂಗ್ರಿ!" ನೀಲಾಂಬಿಕಾ ಗಾಬರಿಯಾದಳು. "ಲಗ್ನಾ ಆಗ್ಲಿ, ಕೆಲಸಾ ಆಗ್ಲಿ, ಹಿಂದ ಸರಿಯಾಕ ಬರೂದಿಲ್ಲ."

"ಅದೆಲ್ಲಾ ಹಳೇ ಕಾಲದ್ದು. ರಿಸಲ್ಟ್ ಆಮ್ಯಾಲ ತಿಳಸ್ತೇನಿ!"

ಮರುದಿನ ಗಿರಣಿಗೆ ಹೊರಟವನು ನಮ್ಮ ಪ್ಲಾಟಿನ ಮುಂದೆ ಗಾಡಿ ನಿಲ್ಲಿಸಿದೆ. ನಿಲ್ಲಿಸದೆ ಗತಿಯಿರಲಿಲ್ಲ, ಮೂರು ಟಂಟಂ ಆಟೋಗಳು ದಾರಿಗೆ ಅಡ್ಡ ನಿಂತಿದ್ದವು. ಮೂವರೂ ತಮ್ಮ ತಮ್ಮ ಆಳುಗಳ ಸಮೇತ ಬಂದು ಬುನಾದಿಗೆ ಸುಣ್ಣದ ಗೆರೆ ಹಾಕಿದ್ದರು. ಗೆರೆಯ ಮೇಲೆ ಗೆರೆ ಬಿದ್ದು ನನ್ನ ಪ್ಲಾಟು ಚೌಕಾಬಾರದ ಮನೆಯಾಗಿತ್ತು.

"ಸಾಹೇಬ್ರ, ಒಂದ ಹೆಣ್ಣು ತೋರಿಸಿ ಮೂರ ಮಂದಿಗೆ ಮಾತು ಕೊಟ್ಟೀರಲ್ರಿ!" ಎಂದ ಶರಣು.

"ಕಾಯಿ ತಗೊಂಡೇನಿ, ನಾ ಹೆಂಗ ಬಿಡ್ಲಿ?" ಮುನಾಫ ಕದಲಲಿಲ್ಲ.

ದ್ಯಾಮಪ್ಪ ನಿಧಾನವಾಗಿ ಸಲಿಕೆ ಕೆಳಗಿಟ್ಟ. "ಮೂವರೂ ಹೋಗೂಣು ನಡ್ರಿ. ಮಾತು ತಪ್ಪಿದವರ ಮನಿಗೆ ಹಾನಗಲ್ಲ ತಾಲೂಕಿನಾಗ ಯಾವ ಗೌಂಡಿ ಕೈ ಹಚ್ಚತಾನ, ನೋಡೇ ಬಿಡೂಣು."

ನನ್ನ ಮಾನ ಹೋದರೆ ಹೋಗಲಿ, ನೀಲಾಂಬಿಕಾಳ ಬೆಳಕೂ ಹೋಗುತ್ತದಲ್ಲ! ಫೋನ್ ಮಾಡಿದೆ. ಆಟೋದಲ್ಲಿ ಬಂದಿಳಿದಳು, ಕೈಯಲ್ಲೊಂದು ಚೀಲ. ನನ್ನತ್ತ ನೋಡಲೂ ಇಲ್ಲ.

"ತಪ್ಪು ನಮ್ಮದ್ರಿ," ಎಂದು ಮೂವರಿಗೂ ಕೈ ಮುಗಿದಳು. "ಒಂದ ಮಾತು ಕೇಳತೇನಿ. ಅಡಗಿಮನ್ಯಾಗ ಮುಂಜಾನಿ ಬೆಳಕು ಬೀಳಬೇಕು. ಏನ್ ಮಾಡ್ತೀರಿ?"

"ದೊಡ್ಡ ಕಿಡಕಿ ಇಡ್ತೇನ್ರಿ," ಎಂದ ದ್ಯಾಮಪ್ಪ. "ಗಾಜಿನ ಹಂಚು ಹಾಕಿ ಕೊಡ್ತೇನ್ರಿ," ಎಂದ ಶರಣು.

ಮುನಾಫ ಮಾತ್ರ ತಿರುಗಿ ಕೇಳಿದ: "ಅಕ್ಕಾರ, ಎಲ್ಲಿ ಕುಂತು ರೊಟ್ಟಿ ಬಡೀತೀರಿ? ಕುಂತು ತೋರಸ್ರಿ."

ಅವಳು ಗೆರೆಗಳನ್ನೆಲ್ಲ ದಾಟಿ ಹೋಗಿ, ಮೂಡಣಕ್ಕೆ ಮುಖ ಮಾಡಿ ಮಣ್ಣಿನ ಮೇಲೆ ಕುಳಿತಳು. ಮುಖದ ಮೇಲೆ ಬಿಸಿಲು ಬಿತ್ತು. ಮುನಾಫ ಅವಳ ಸುತ್ತ ಸುಣ್ಣದ ಗೆರೆ ಎಳೆದ. ನಾನು ಕೇಳಿದ ಒಂದು ಪ್ರಶ್ನೆಯಲ್ಲೂ ಅವಳಿರಲಿಲ್ಲ.

ದ್ಯಾಮಪ್ಪ, ಶರಣು ಮುಖ ಮುಖ ನೋಡಿಕೊಂಡರು. "ತಗೋರಿ ಅಕ್ಕಾರ," ಎಂದು ದ್ಯಾಮಪ್ಪನೇ ಮೊದಲು, ಬುನಾದಿ ಪೂಜೆಗೆಂದು ತಂದಿದ್ದ ಕಾಯಿ ಅವಳ ಕೈಗೆ ಮರಳಿಸಿದ. "ಗೃಹಪ್ರವೇಶಕ್ಕ ಹೋಳಿಗಿ ಊಟ ಹಾಕ್ರಿ, ನಮ್ಮ ಮಾತು ತೀರ್ತು." ಶರಣುವೂ ಕೊಟ್ಟ.

ನಾನು ಗಂಟಲು ಸರಿಮಾಡಿಕೊಂಡೆ. "ಹಂಗಾರ ಉಸ್ತುವಾರಿ ನಾ..."

"ಉಸ್ತುವಾರಿ ನಂದು. ಮನಿ ಮುಗಿಯೂತನಾ ಇವರಿಗೆ ಚಾ ತಂದು ಕೊಡೂದು ನಿಮ್ಮ ಕೆಲಸ," ಎನ್ನುತ್ತ ನೀಲಾಂಬಿಕಾ ಚೀಲಕ್ಕೆ ಕೈ ಹಾಕಿ, ನನ್ನ ಬೊಗಸೆಯಲ್ಲಿ ಎಲೆ ಅಡಿಕೆ ಇಟ್ಟಳು.

ವಾದ ಮಾಡಬೇಕೆಂದು ಬಾಯಿ ತೆರೆದವನು ಕೆಳಗೆ ನೋಡಿದೆ. ಮೇಲೆ ಕಾಯಿಯೂ ಇತ್ತು!