ಗುರುವಾರದ ಕಲಾಪಂಡಿತ

ಹೆಂಡತಿ ತನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಮ್ಯೂಸಿಯಮ್ಮಿನ ಚಿತ್ರಗಳೆಲ್ಲ ಇವರ ಕೈಯಲ್ಲೇ ಇರೋದು.”

ಮಾತು ಸುಳ್ಳೇನಲ್ಲ. ಅವಳ ಗಂಡ ನಗರದ ದೊಡ್ಡ ಚಿತ್ರಶಾಲೆಯಲ್ಲಿ ಒಂಬತ್ತನೇ ಕೋಣೆಯ ಕಾವಲುಗಾರ. ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಆ ಕೋಣೆಯಲ್ಲಿ ನಿಂತು, ನಡುನಡುವೆ ಮೂಲೆಯ ಕುರ್ಚಿಯಲ್ಲಿ ಕೂತು, ಯಾರೂ ಯಾವ ಚಿತ್ರವನ್ನೂ ಮುಟ್ಟದ ಹಾಗೆ ನೋಡಿಕೊಂಡಿದ್ದ. ಆದರೆ ಅಕ್ಕನ ಕಿವಿಗೆ ಹೋಗುವಷ್ಟರಲ್ಲಿ ಮಾತಿಗೆ ರೆಕ್ಕೆ ಬಂದಿತ್ತು. ಅಕ್ಕನ ಗಂಡ, ನಿವೃತ್ತ ಲೆಕ್ಕದ ಮೇಷ್ಟ್ರು, “ಏನು! ನನ್ನ ಷಡ್ಡಕ ಅಷ್ಟು ದೊಡ್ಡ ಅಧಿಕಾರಿಯೇ? ಅವರ ಜೊತೆಗೇ ನಿಂತು ಒಂದು ಸಲ ಎಲ್ಲ ನೋಡಬೇಕು” ಎಂದು ಹೆಂಡತಿಯನ್ನೂ ಕರೆದುಕೊಂಡು, ನೋಟ್‌ಬುಕ್ಕು, ಎರಡು ಪೆನ್ಸಿಲ್ಲು ಸಮೇತ ಬುಧವಾರವೇ ಬಂದಿಳಿದರು.

ಗುರುವಾರ ಕಾವಲುಗಾರನ ವಾರದ ರಜೆ. ಆ ದಿನ ಅವನಿಗಿದ್ದ ಕಾರ್ಯಕ್ರಮ ಒಂದೇ. ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕಾಲು ಇಳಿಬಿಟ್ಟು ಮಧ್ಯಾಹ್ನದವರೆಗೆ ಸುಮ್ಮನೆ ಗೋಡೆ ನೋಡುವುದು. ಚಿತ್ರವಿಲ್ಲದ ಗೋಡೆ.

“ಭಾವನಿಗೆ ನಿಜ ಹೇಳಿಬಿಡ್ತೀನಿ ಕಣೇ,” ಎಂದ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ.

“ಹೇಳಿ, ಹೇಳಿ! ಮೂವತ್ತು ವರ್ಷದಿಂದ ಅಕ್ಕನ ಮುಂದೆ ತಲೆ ತಗ್ಗಿಸಿದೀನಿ. ಮೊನ್ನೆ ಒಂದು ದಿನ ಎತ್ತಿದ್ದೆ. ಮತ್ತೆ ತಗ್ಗಿಸ್ತೀನಿ ಬಿಡಿ,” ಎಂದು ಹೆಂಡತಿ ಸೆರಗು ಕಣ್ಣಿಗೆ ಒಯ್ದಳು. ಆಮೇಲೆ ಮಗಳ ಮದುವೆಗೆ ಹೊಲಿಸಿದ್ದ ಕೋಟನ್ನೂ, ಆಗಲೇ ಬಿಗಿಯಾಗಿದ್ದ ಕರಿ ಶೂಗಳನ್ನೂ ತಂದು ಅವನ ಮುಂದಿಟ್ಟಳು. ಕೋಟಿನ ಗುಂಡಿ ಹಾಕಿದ ಮೇಲೆ ಅವನಿಗೆ ಪೂರ್ತಿ ಉಸಿರು ತೆಗೆದುಕೊಳ್ಳಲು ಆಗಲಿಲ್ಲ. ಅರ್ಧರ್ಧ ಉಸಿರಿನಲ್ಲೇ ಮನೆ ಬಿಟ್ಟ.

ಮೇಷ್ಟ್ರು ಮೊದಲು ಆರಿಸಿದ್ದು ಹಳೆಯ ನಾಣ್ಯ, ಆಯುಧಗಳ ಮ್ಯೂಸಿಯಂ. ಅಲ್ಲಿ ಮೆಟ್ಟಿಲೇ ಎಪ್ಪತ್ತೆರಡು. ಮೇಷ್ಟ್ರು ಎಣಿಸಿ ಬರೆದುಕೊಂಡರು. ಕಾವಲುಗಾರನ ಕಾಲು ಬೇರೆ ಎಣಿಸಿತು.

ಕತ್ತಿಗಳ ಕೋಣೆಯ ಬಾಗಿಲಲ್ಲೇ ಗ್ರಹಚಾರ ಕಾದಿತ್ತು. ಅಲ್ಲಿನ ಕಾವಲುಗಾರ, ಎಲ್ಲರೂ ಮೀಸೆ ಎಂದು ಕರೆಯುತ್ತಿದ್ದವನು, ಕಾವಲುಗಾರರ ಸಂಘದ ಸಭೆಯಲ್ಲಿ ತಿಂಗಳಿಗೊಮ್ಮೆ ಸಿಗುವ ಗೆಳೆಯ. ದೂರದಿಂದಲೇ ಕೂಗಿದ: “ಏನಯ್ಯಾ ಒಂಬತ್ತು! ರಜಾ ದಿನಾನೂ ಬಿಡುವಿಲ್ವಾ ನಿಂಗೆ?”

ಕಾವಲುಗಾರರು ಒಬ್ಬರನ್ನೊಬ್ಬರು ಕೋಣೆಯ ನಂಬರಿನಿಂದ ಕರೆಯುವುದೇ ಹೆಚ್ಚು. ಮೇಷ್ಟ್ರ ಪೆನ್ಸಿಲ್ಲು ನೋಟ್‌ಬುಕ್ಕಿನ ಮೇಲೆ ನಿಂತಿತು. “ಒಂಬತ್ತು ಅಂದ್ರೇನು?”

“ಅದು... ದರ್ಜೆ,” ಎಂದ ಕಾವಲುಗಾರ.

“ಒಟ್ಟು ಎಷ್ಟು ದರ್ಜೆ?”

“ಹತ್ತು.”

“ಹಾಗಾದ್ರೆ ನಿಮ್ಮ ಮೇಲೆ ಒಬ್ಬರೇ!” ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದು ಷಡ್ಡಕನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದರು. ಮೀಸೆಗೆ ಅಷ್ಟರಲ್ಲಿ ವಿಷಯ ಅರ್ಥವಾಗಿತ್ತು. ಅವನು ಸಹಾಯ ಮಾಡುತ್ತಿದ್ದೇನೆಂದುಕೊಂಡು ಹಿಮ್ಮಡಿ ಜೋಡಿಸಿ, ಕೋಣೆ ಅದುರುವ ಹಾಗೆ ಒಂದು ಸೆಲ್ಯೂಟ್ ಹೊಡೆದ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಸಾಹೇಬರು ಬಂದಿದಾರೆ, ದಾರಿ ಬಿಡಿ ದಾರಿ ಬಿಡಿ,” ಎನ್ನುತ್ತ ಮೀಸೆ ಮುಂದೆ ಮುಂದೆ ನಡೆದು, ಮೂರು ಮಹಡಿಯ ಹದಿನಾಲ್ಕು ಕೋಣೆಗಳನ್ನೂ, ಸಾಮಾನ್ಯರಿಗೆ ತೆರೆಯದ ಉಗ್ರಾಣವನ್ನೂ ತೋರಿಸಿಬಿಟ್ಟ. ಸಾಹೇಬ ಆದವನು ಕೂರುವ ಹಾಗಿಲ್ಲ. ಕೂರುವ ಬೆಂಚು ಎದುರಿಗೇ ಇದ್ದರೂ ಅದರ ಮರದ ಕೆತ್ತನೆಯನ್ನು ಮೆಚ್ಚಿ ಮುಂದೆ ಹೋಗಬೇಕು.

ಎರಡನೆಯದು ಆಧುನಿಕ ಕಲೆಯ ಗ್ಯಾಲರಿ. ಅಲ್ಲಿ ಗೋಡೆ ತುಂಬ ಒಂದೇ ಚಿತ್ರ. ಮೇಲಿಂದ ಕೆಳಗಿನವರೆಗೆ ನೀಲಿ, ಬೇರೇನೂ ಇಲ್ಲ.

“ಇದನ್ನ ವಿವರಿಸಿ,” ಎಂದರು ಮೇಷ್ಟ್ರು. ಪೆನ್ಸಿಲ್ಲು ಸಿದ್ಧವಾಯಿತು.

ಕಾವಲುಗಾರ ಕಷ್ಟಕ್ಕೆ ಬಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನು ನೋಡಿದ್ದು ಚಿತ್ರಗಳನ್ನಲ್ಲ, ಚಿತ್ರ ನೋಡುವವರ ಬೆನ್ನುಗಳನ್ನು. ಯಾವ ಬೆನ್ನು ಮುಂದಕ್ಕೆ ಬಾಗುತ್ತದೆ, ಯಾವ ಕೈ ಮುಟ್ಟಲು ಹೊರಡುತ್ತದೆ ಎನ್ನುವುದು ಅವನಿಗೆ ಕರತಲಾಮಲಕ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ತನ್ನ ಕೋಣೆಗೆ ವಿದ್ಯಾರ್ಥಿಗಳನ್ನು ಕರೆತರುವ ಪ್ರೊಫೆಸರು ಪ್ರತಿ ಸಲ ಹೇಳುತ್ತಿದ್ದ ಮಾತು ನಾಲಿಗೆಗೆ ಬಂತು.

“ಬೆಳಕು ನೋಡಿ, ಭಾವ. ಎಲ್ಲಿಂದ ಬರ್ತಿದೆ ಅಂತ ಕೇಳ್ಬೇಡಿ. ಎಲ್ಲಿಗೆ ಹೋಗ್ತಿದೆ ಅಂತ ಕೇಳಿ.”

ಮೇಷ್ಟ್ರು ಬರೆದುಕೊಂಡರು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರೂ ಬೆಳಕು ಎಲ್ಲಿಗೆ ಹೋಗುತ್ತಿದೆ ಎಂದು ಕತ್ತು ಹೊರಳಿಸಿದರು. ಅವರಲ್ಲಿ ಕನ್ನಡಕದಾಕೆ, “ಇನ್ನೂ ಸ್ವಲ್ಪ ಹೇಳಿ ಸಾರ್,” ಎಂದಳು.

“ಇದು ಭಾರವಾದ ಚಿತ್ರ,” ಎಂದ ಕಾವಲುಗಾರ. ಇದು ಮಾತ್ರ ಅವನಿಗೆ ಖಾತ್ರಿಯಾಗಿ ಗೊತ್ತಿತ್ತು. “ಹಿಂದುಗಡೆ ಕಡಿಮೆ ಅಂದ್ರೂ ಆರು ಮೊಳೆ ಇರ್ಬೇಕು.”

“ಆರು ಮೊಳೆ!” ಕನ್ನಡಕದಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. “ನೀಲಿಯ ಹಿಂದಿನ ನೋವು!”

ಅಲ್ಲಿಂದ ಮುಂದೆ ಆ ಇಬ್ಬರೂ ಬಾಲದ ಹಾಗೆ ಅಂಟಿಕೊಂಡರು. ಕೋಣೆಯಿಂದ ಕೋಣೆಗೆ ಬಾಲ ಬೆಳೆಯಿತು. ಶೂ ಕಚ್ಚುತ್ತಿದ್ದುದರಿಂದ ಕಾವಲುಗಾರ ಪ್ರತಿ ಚಿತ್ರದ ಮುಂದೆಯೂ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಸ್ವಲ್ಪ ಹೊತ್ತು ನಿಂತುಬಿಡುತ್ತಿದ್ದ. “ಎಂಥ ತನ್ಮಯತೆ!” ಎಂದು ಬಾಲ ಪಿಸುಗುಟ್ಟುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಅವನಿಗೆ ತನ್ನ ಕಾಲು ಎಲ್ಲಿ ಮುಗಿದು ಶೂ ಎಲ್ಲಿ ಶುರುವಾಗುತ್ತದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಬಾಲವನ್ನು ಹೇಗೋ ಕಳಚಿಕೊಂಡು, ಹೊರಗಿನ ಮೆಟ್ಟಿಲ ಮೇಲೆ ದೊಪ್ಪನೆ ಕೂತ.

“ಈಗ ನಿಮ್ಮ ಚಿತ್ರಶಾಲೆ!” ಎಂದರು ಮೇಷ್ಟ್ರು. ಅರವತ್ತಾರು ವರ್ಷದ ಮನುಷ್ಯ, ಆಗ ತಾನೇ ಎದ್ದು ಬಂದವರ ಹಾಗೆ ಗೆಲುವಾಗಿದ್ದರು.

“ಗುರುವಾರ ಮುಚ್ಚಿರುತ್ತೆ, ಭಾವ.”

“ಇಲ್ಲವಲ್ಲ. ಇಲ್ಲೇ ಹಾಕಿದಾರೆ, ಆರರವರೆಗೆ,” ಎಂದು ಮೇಷ್ಟ್ರು ನಗರದ ನಕಾಶೆ ಬಿಡಿಸಿದರು. ಲೆಕ್ಕದ ಮೇಷ್ಟ್ರಿಗೆ ಸುಳ್ಳು ಲೆಕ್ಕ ಕೊಡುವುದು ಸುಲಭವಲ್ಲ.

ಕಾವಲುಗಾರನಿಗೆ ಸಾಕಾಗಿತ್ತು. ಹೆಂಡತಿಯ ತಲೆ ಇನ್ನೊಂದು ಮೂವತ್ತು ವರ್ಷ ತಗ್ಗಿದರೂ ಸರಿ, ಮನೆಗೆ ಹೋದರೆ ಸಾಕು ಎನಿಸಿತು. “ಭಾವ, ನಿಜ ಹೇಳ್ತೀನಿ. ನಾನು ಅಧಿಕಾರಿ ಗಿಧಿಕಾರಿ ಏನಲ್ಲ. ಅಲ್ಲಿ ಸುಮ್ನೆ ನಿಂತಿರ್ತೀನಿ, ಅಷ್ಟೆ.”

ಮೇಷ್ಟ್ರ ಕಣ್ಣು ತುಂಬಿ ಬಂತು. “ನಿಂತಿರ್ತೀನಿ ಅಂತೀರಲ್ಲ! ನಿಮ್ಮಂಥೋರು ನಿಂತಿರೋದಕ್ಕೇ ಕಲೆ ನಿಂತಿರೋದು. ಏನು ವಿನಯ! ಏಳಿ, ಏಳಿ.”

ಏಳಲೇಬೇಕಾಯಿತು.

ಚಿತ್ರಶಾಲೆಯ ಟಿಕೆಟ್ ಕಿಂಡಿಯಲ್ಲಿ ಕೂತಿದ್ದ ಹೆಂಗಸು ಇವನ ಕೋಟು ನೋಡಿ ಬಾಯಿ ತೆರೆದಳು. ಅವನು ಕಣ್ಣಲ್ಲೇ ಬೇಡಿಕೊಂಡ. ಅವಳು ಬಾಯಿ ಮುಚ್ಚಿ ಒಳಗೆ ಬಿಟ್ಟಳು. ಒಂಬತ್ತನೇ ಕೋಣೆಯ ಕಡೆಗೆ ಹೋಗದೆ ತಪ್ಪಿಸಿಕೊಳ್ಳಬೇಕೆಂದು ಅವನು ಎಡಕ್ಕೆ ತಿರುಗಿದ. ಆದರೆ ಮೇಷ್ಟ್ರು ಒಂದರಿಂದ ಶುರುಮಾಡಿ ಕ್ರಮವಾಗಿ ಎಣಿಸಿಕೊಂಡೇ ಹೋಗುವವರು. ಎಂಟಾದ ಮೇಲೆ ಒಂಬತ್ತು ಬಂದೇ ಬಂತು.

ಅಲ್ಲಿ ಆ ದಿನ ಬದಲಿಗೆ ಇದ್ದವನು ಒಬ್ಬ ಚಡಪಡಿಕೆಯ ಆಸಾಮಿ. ಬೆಳಗಿನಿಂದ ಟೀ ಕಂಡಿರಲಿಲ್ಲ. ಇವನನ್ನು ಕಂಡವನೇ ದೇವರನ್ನು ಕಂಡವನ ಹಾಗೆ ಹತ್ತಿರ ಬಂದು, ಕಿವಿಯಲ್ಲಿ, “ಬಂದ್ಯಾ, ಒಳ್ಳೇದಾಯ್ತು. ಹತ್ತು ನಿಮಿಷ ನೋಡ್ಕೋ, ಹೀಗ್ಹೋಗಿ ಹಾಗ್ಬಂದೆ,” ಎಂದು ಉತ್ತರಕ್ಕೂ ಕಾಯದೆ ಮಾಯವಾದ.

“ಏನಂದ್ರು?” ಎಂದರು ಮೇಷ್ಟ್ರು.

“ಕೋಣೆ ನನಗೆ ಒಪ್ಪಿಸಿ ಹೋದ.”

“ಮತ್ತೆ! ಒಂಬತ್ತನೇ ದರ್ಜೆ ಅಂದ್ರೆ ಸುಮ್ನೇನಾ?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂಲೆಯಲ್ಲಿ ಅವನ ಕುರ್ಚಿ ಖಾಲಿ. ಅವನ ಇಡೀ ದೇಹ ಅದರ ಕಡೆಗೆ ವಾಲಿತು. ಆದರೆ ಮೇಷ್ಟ್ರು ಆ ಕುರ್ಚಿಯ ಹಿಂದಿನ ಗೋಡೆಯಲ್ಲಿದ್ದ ಸಣ್ಣ ಚಿತ್ರವೊಂದರ ಮುಂದೆ ನಿಂತು, “ಇದೇನಿದು?” ಎಂದರು.

ಕಾವಲುಗಾರ ನೋಡಿದ. ಇಪ್ಪತ್ತೆರಡು ವರ್ಷ ಬೆನ್ನ ಹಿಂದೆಯೇ ಇದ್ದ ಚಿತ್ರ. ಎದುರಿನಿಂದ ಅದನ್ನು ಅವನು ನೆಟ್ಟಗೆ ನೋಡಿದ್ದು ಅವತ್ತೇ. ರಸ್ತೆ ಬದಿಯ ಕಲ್ಲಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಒಂದು ಶೂ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಇನ್ನೊಂದು ಕಾಲಲ್ಲೇ ಇತ್ತು.

“ಇವನು ತುಂಬಾ ನಡೆದಿದಾನೆ, ಭಾವ,” ಎಂದ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು. “ಇಡೀ ದಿನ ಬೇರೆಯವರ ಹಿಂದೆ ನಡೆದಿದಾನೆ. ಒಂದು ಶೂ ಬಿಚ್ಚಿದಾನೆ ನೋಡಿ. ಇನ್ನೊಂದು ಬಿಚ್ಚೋಕೆ ಬಗ್ಗೋ ಶಕ್ತಿ ಇಲ್ಲ. ಬಿಚ್ಚಿಬಿಟ್ರೆ ಮತ್ತೆ ಹಾಕ್ಕೋಬೇಕಲ್ಲ ಅನ್ನೋ ಭಯ ಬೇರೆ. ಅದಕ್ಕೇ ಹಾಗೇ ಕೂತಿದಾನೆ. ಮನೆ ಹತ್ರಾನೇ ಇರ್ಬೋದು. ಆದ್ರೂ ಏಳೋಕೆ ಆಗ್ತಿಲ್ಲ.”

ಮೇಷ್ಟ್ರು ಬರೆಯುವುದನ್ನು ಮರೆತರು. “ಆ ಶೂ ಒಳಗೆ ಏನೋ ಇದೆಯಲ್ಲ,” ಎಂದು ಪೆನ್ಸಿಲ್ಲಿನ ತುದಿ ಚಿತ್ರದ ಮೇಲೇ ಇಡಲು ಹೋದರು.

“ಏಯ್! ಹಿಂದೆ! ಗೆರೆಯಿಂದ ಹಿಂದೆ!”

ಇಪ್ಪತ್ತೆರಡು ವರ್ಷದ ಗಂಟಲು ತಾನಾಗಿಯೇ ಗುಡುಗಿತ್ತು. ಮೇಷ್ಟ್ರ ಕೈಯಿಂದ ಪೆನ್ಸಿಲ್ಲು ಬಿತ್ತು. ಕಾವಲುಗಾರ ನಾಚಿ ನೀರಾಗಿ ಅದನ್ನು ಎತ್ತಿಕೊಡಲು ಬಗ್ಗಿದಾಗ ಬಾಗಿಲಿನಿಂದ ಚಪ್ಪಾಳೆ ಕೇಳಿಸಿತು.

ಬಾಗಿಲಲ್ಲಿ ನಿಂತಿದ್ದವರು ಚಿತ್ರಶಾಲೆಯ ನಿರ್ದೇಶಕರು. ಬಂದು ಮೂರು ತಿಂಗಳಾಗಿತ್ತು. ಸಿಬ್ಬಂದಿಯಲ್ಲಿ ಅವರು ಗುರುತಿಸುತ್ತಿದ್ದುದು ಸಮವಸ್ತ್ರವನ್ನು ಮಾತ್ರ. ಅದರೊಳಗಿನ ಮುಖಗಳ ಪರಿಚಯ ಇನ್ನೂ ಆಗಿರಲಿಲ್ಲ.

“ಕ್ಷಮಿಸಿ, ಎಲ್ಲಾ ಕೇಳಿಸ್ಕೊಂಡೆ,” ಎಂದು ಅವರು ಕಾವಲುಗಾರನ ಕೈ ಹಿಡಿದು ಕುಲುಕಿದರು. “ಈ ಚಿತ್ರದ ಬಗ್ಗೆ ನಾನು ನಲವತ್ತು ಪುಟ ಬರ್ದಿದೀನಿ. ಇನ್ನೊಂದು ಶೂ ಯಾಕೆ ಬಿಚ್ಚಿಲ್ಲ ಅಂತ ನನಗೆ ಹೊಳೆದೇ ಇರ್ಲಿಲ್ಲ. ತಾವು ಯಾವ ವಿಶ್ವವಿದ್ಯಾಲಯ?”

ಕಾವಲುಗಾರ ಇನ್ನೊಂದು ಕೈಲಿದ್ದ ಪೆನ್ಸಿಲ್ಲನ್ನು ಮೇಷ್ಟ್ರ ಕಡೆಗೆ ಚಾಚಿದ.

“ಹೇಳ್ಕೊಳ್ಳೋದಿಲ್ಲ ಸಾರ್, ಅದೇ ಇವರ ದೊಡ್ಡತನ,” ಎಂದರು ಮೇಷ್ಟ್ರು ಮಧ್ಯೆ ಬಾಯಿ ಹಾಕಿ. ಎದುರಿಗಿರುವವರು ನಿರ್ದೇಶಕರೆಂದು ಅವರಿಗೇನು ಗೊತ್ತು?

ಅಷ್ಟರಲ್ಲಿ ನಿರ್ದೇಶಕರ ಕಣ್ಣು ಖಾಲಿ ಕುರ್ಚಿಯ ಮೇಲೆ ಬಿತ್ತು. ಮುಖ ಗಂಟಿಕ್ಕಿತು. “ಇಲ್ಲಿ ಕಾವಲಿನವನು ಎಲ್ಲಿ? ಬಂದ ಅತಿಥಿಗಳೇ ‘ಹಿಂದೆ ಸರಿ’ ಅಂತ ಕೂಗ್ಬೇಕಾ? ನಾಚಿಕೆಗೇಡು! ಇಂಥ ಕಾವಲಿನೋರ ಮೇಲೆ ಕ್ರಮ ತಗೊಳ್ಳೋಣ ಅಂದ್ರೆ ಸಂಘದವರು ಸಾಕ್ಷಿ ಕೇಳ್ತಾರೆ. ದಯವಿಟ್ಟು ತಾವು ಅಭಿಪ್ರಾಯ ಪುಸ್ತಕದಲ್ಲಿ ಎರಡು ಸಾಲು ಬರೀಬೇಕು. ತಮ್ಮಂಥೋರು ಬರೆದ್ರೆ ತೂಕ ಇರುತ್ತೆ.”

“ಅಯ್ಯೋ, ಪಾಪ... ಟೀಗೆ ಹೋಗಿರ್ಬೋದು,” ಎಂದ ಕಾವಲುಗಾರ.

“ಪಾಪ ಗೀಪ ಎಂಥದು!” ಎಂದು ಮೇಷ್ಟ್ರು ಸಿಡುಕಿದರು. “ಮೂವತ್ತೈದು ವರ್ಷ ಪಾಠ ಹೇಳಿದೀನಿ. ಜಾಗ ಬಿಟ್ಟು ಹೋಗೋನನ್ನ ಸುಮ್ನೆ ಬಿಟ್ರೆ ತರಗತಿಯೇ ಹಾಳು. ಬರೀರಿ, ನಾನು ಹೇಳ್ತೀನಿ.”

ಬಾಗಿಲ ಬಳಿಯ ಮೇಜಿನ ಮೇಲಿದ್ದ ಪುಸ್ತಕದ ಮುಂದೆ, ಅವನ ಎರಡೂ ಕಡೆಗೆ ಇಬ್ಬರೂ ನಿಂತರು. ನಿರ್ದೇಶಕರು ತಮ್ಮ ಪೆನ್ನನ್ನೇ ಕೊಟ್ಟರು. ಮೇಷ್ಟ್ರು ನಿಧಾನವಾಗಿ, ಕಾಮ ಪೂರ್ಣವಿರಾಮ ಸಮೇತ ಹೇಳುತ್ತ ಹೋದರು. ಕಾವಲುಗಾರ ತನ್ನ ದುಂಡಗಿನ ಅಕ್ಷರದಲ್ಲಿ ಬರೆದ: “ಒಂಬತ್ತನೇ ಕೋಣೆಯ ಕಾವಲುಗಾರ, ನಾಲ್ಕು ಗಂಟೆ ಹದಿನೈದು ನಿಮಿಷಕ್ಕೆ, ತನ್ನ ಸ್ಥಳದಲ್ಲಿ ಇರಲಿಲ್ಲ. ಇಂಥ ಬೇಜವಾಬ್ದಾರಿ ಮನುಷ್ಯನಿಗೆ ತಕ್ಕ ಶಾಸ್ತಿ ಆಗಬೇಕು.” ಕೆಳಗೆ ಯಾರಿಗೂ ಓದಲಾಗದ ಹಾಗೆ ಒಂದು ಗೀಚು ಗೀಚಿದ. ದೊಡ್ಡವರ ಸಹಿ ಹಾಗೇ ಇರುತ್ತದೆಂದು ನಿರ್ದೇಶಕರು ತಲೆದೂಗಿದರು.

ಮೇಷ್ಟ್ರು ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟರು. ಅಕ್ಕ ಹೋಗುವಾಗ ತಂಗಿಯ ಕೈಹಿಡಿದು, “ನಿನ್ನ ಪುಣ್ಯ ಕಣೇ,” ಎಂದಳಂತೆ. ಹೆಂಡತಿ ಆ ಖುಷಿಯಲ್ಲಿ ಗಂಡನಿಗೆ ಎರಡು ಲೋಟ ಕಾಫಿ ಕೊಟ್ಟಳು. ಏನಾದರಾಗಲಿ, ಒಬ್ಬರ ತಲೆಯಾದರೂ ಮೇಲೆದ್ದಿತಲ್ಲ ಎಂದುಕೊಂಡು ಅವನು ಸಮವಸ್ತ್ರ, ಟೋಪಿ ತೊಟ್ಟು, ಕುಂಟುತ್ತ ಕೆಲಸಕ್ಕೆ ಬಂದ. ಬಾಗಿಲಲ್ಲೇ ಕರೆ ಬಂತು, ನಿರ್ದೇಶಕರ ಕೋಣೆಗೆ.

ನಿರ್ದೇಶಕರು ತಲೆಯೆತ್ತಲಿಲ್ಲ. “ನಿನ್ನೆ ಎಲ್ಲಿದ್ದೆ?”

“ನಿನ್ನೆ ನಂಗೆ ವಾರದ ರಜೆ, ಸಾರ್.”

“ಬದಲಿಯವನು ನಾಲ್ಕು ಗಂಟೆಗೆ ನಿಂಗೆ ಒಪ್ಪಿಸಿ ಹೋದೆ ಅಂತಾನೆ. ಟಿಕೆಟ್ ಕಿಂಡಿಯಮ್ಮನೂ ನೀನು ಒಳಗೆ ಬಂದದ್ದು ನೋಡಿದಾಳೆ. ಬಂದಿದ್ಯೋ ಇಲ್ವೋ?”

“ಬಂದಿದ್ದೆ.”

“ಕುರ್ಚೀಲಿ ಕೂತಿದ್ಯೋ?”

ಆ ಕುರ್ಚಿಯನ್ನು ನೆನೆದು ಕಾವಲುಗಾರನ ಕಣ್ಣು ಒದ್ದೆಯಾಯಿತು. “ಇಲ್ಲ, ಸಾರ್.”

“ಓದು ಇದನ್ನ!” ನಿರ್ದೇಶಕರು ಅಭಿಪ್ರಾಯ ಪುಸ್ತಕವನ್ನು ಮುಂದಕ್ಕೆ ತಳ್ಳಿದರು. “ಎಂಥ ವಿದ್ವಾಂಸರು ಬರ್ದಿದಾರೆ ಗೊತ್ತಾ? ಇಂಥೋರ ಮುಂದೆ ನಮ್ಮ ಮಾನ ಕಳೆದೆಯಲ್ಲಯ್ಯ!”

ಕಾವಲುಗಾರ ಬಾಯಿ ತೆರೆದ. ‘ಅದು ನಾನೇ’ ಎಂದರೆ ಅಣಕ ಮಾಡುತ್ತಿದ್ದಾನೆಂದು ಕೆಲಸದಿಂದಲೇ ತೆಗೆದಾರು. ಬಾಯಿ ಮುಚ್ಚಿದ.

“ಮುಂದಿನ ನಾಲ್ಕು ಗುರುವಾರ ರಜೆ ಇಲ್ಲ. ಈಗ ಇಲ್ಲೇ ಕೂತು ತಪ್ಪೊಪ್ಪಿಗೆ ಬರೆದುಕೊಡು, ಇದೇ ಪುಟದ ಕೆಳಗೆ. ಆ ಮಹನೀಯರ ಅಕ್ಷರ ನೋಡು, ಮುತ್ತಿನ ಹಾಗಿದೆ. ಅದನ್ನ ನೋಡಿಯಾದ್ರೂ ನೆಟ್ಟಗೆ ಬರೆಯೋದು ಕಲಿ.”

ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡು, ಪುಟದ ಮೇಲೆ ಬಾಗಿ ಕಾದರು. ಕಾವಲುಗಾರ ಪುಟದ ಮೇಲಿದ್ದ ತನ್ನದೇ ದುಂಡಗಿನ ಅಕ್ಷರವನ್ನು ನೋಡಿದ. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, ಪೆನ್ನನ್ನು ಎಡಗೈಗೆ ತೆಗೆದುಕೊಂಡ.