ರಾಹುಕಾಲದಲ್ಲಿ ಹೋಗದ ಮೆಸೇಜು

ನಮ್ಮ ಸೋದರಮಾವನಿಗೆ ಕಾಡಾನೆ ಹೆದರುತ್ತದೋ ಇಲ್ಲವೋ, ಸರ್ವರ್‌ಗಳಂತೂ ಹೆದರುತ್ತವೆ!

ಲೊಕ್ಕನಹಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡಿಕೊಂಡು ತಣ್ಣಗಿದ್ದ ಮನುಷ್ಯ ಒಂದು ದಿನ ಲ್ಯಾಪ್‌ಟಾಪ್ ತಂದು, ಅದಕ್ಕೆ ವಿಭೂತಿ ಹಚ್ಚಿ, ಆಟೊಮೇಷನ್ ಕಲಿಯಲು ಕೂತರು. ಕೊಳ್ಳೇಗಾಲದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ಎದೆ ಧಸಕ್ಕೆಂದಿತು. ಕೆಟ್ಟರೆ ಕರೆಯುವುದು ನನ್ನನ್ನೇ ತಾನೇ?

ಯೋಜನೆಯೇನೋ ಒಳ್ಳೆಯದೇ. ಆನೆ ಕಂಡವರು ಫೋನಿನಲ್ಲಿ ಒಂದು ಬಟನ್ ಒತ್ತಬೇಕು. ಮಾವನ ಸಾಫ್ಟ್‌ವೇರ್ ತಾನಾಗಿ ಮೆಸೇಜ್ ಕಂಪನಿಯ ಎಪಿಐ ಎಂಬ ಕಿಟಕಿಗೆ ರಿಕ್ವೆಸ್ಟ್ ಹಾಕಬೇಕು. ಕಾಡಂಚಿನ ಹೊಲದವರಿಗೆಲ್ಲ ಮೆಸೇಜ್ ಹೋಗಬೇಕು. ಆ ಕಡೆ ಮಾತಾಡಲು ಸಿಗ್ನಲ್ ಸಿಗುವುದಿಲ್ಲ. ಮೆಸೇಜು ಮಾತ್ರ ಹೇಗೋ ನುಸುಳಿಕೊಂಡು ಹೋಗುತ್ತದೆ.

ಮೊದಲ ದಿನವೇ 429 ಎಂಬ ಎರರ್! ರಿಕ್ವೆಸ್ಟ್ ಮಿತಿಮೀರಿತೆಂದು ಸರ್ವರ್ ಬಾಗಿಲು ಹಾಕಿಕೊಂಡಿತ್ತು. ಬಿಚ್ಚಿ ನೋಡಿದರೆ, ಒಂದೇ ಮೆಸೇಜು ಮೇಲಿಂದ ಮೇಲೆ ಹೋಗುವಂತೆ ಮಾವ ಲೂಪ್ ಹಾಕಿದ್ದಾರೆ.

“ಒಂದ್ ಸಲ ಕೂಗುದ್ರೆ ನಮ್ಮೂರಲ್ಲಿ ಯಾರ್ಲಾ ತಿರುಗ್ ನೋಡರು?” ಎಂದರು.

ಲೂಪ್ ತೆಗೆದೆ. ಈಗ 400. ಏನು ಬರೆದಿದ್ದೀರೋ ಅರ್ಥವಾಗುತ್ತಿಲ್ಲ ಎಂದು ಸರ್ವರ್ ಕೈಚೆಲ್ಲಿತ್ತು. ಅರ್ಥವಾಗುವುದಾದರೂ ಹೇಗೆ? ರಿಕ್ವೆಸ್ಟಿನ ನೆತ್ತಿಯ ಮೇಲೆ ಮಾವ ‘ಶ್ರೀ’ ಬರೆದಿದ್ದರು! ದೇವರ ಹೆಸರಿಲ್ಲದೆ ಶುರುಮಾಡಿದ ಕೆಲಸ ಕೈಗೂಡುವುದೇ ಎಂದು ನನಗೇ ಗದರಿದರು. ಅವರು ಕೊಟ್ಟಿಗೆ ಕಡೆ ಹೋದಾಗ ಕಳ್ಳನಂತೆ ಅದನ್ನು ಅಳಿಸಿದೆ. ಆಮೇಲೆ ಮೆಸೇಜುಗಳು ಸಲೀಸಾಗಿ ಹೋಗತೊಡಗಿದವು.

ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಸಂಜೆ ಅತ್ತೆ ಹಸು ಹಿಡಿದುಕೊಂಡು ಬರಲು ಹೊಲಕ್ಕೆ ಹೋಗಿದ್ದರು. ಅಷ್ಟರಲ್ಲಿ ಆ ಕಡೆಯಿಂದ ಊರಿಗೆ ಬಂದವನೊಬ್ಬ ಫೋನ್ ಮಾಡಿದ. ಹಳ್ಳದ ಹತ್ತಿರ ಆನೆ ಇಳಿದಿವೆ, ಬಟನ್ ಒತ್ತಿದರೂ ಯಾರಿಗೂ ಮೆಸೇಜು ಬಂದಿಲ್ಲ ಎಂದ. ಮಾವನ ಮುಖ ಬಿಳಿಚಿಕೊಂಡಿತು. ಅತ್ತೆಯ ಫೋನ್ ಸಿಗಲಿಲ್ಲ.

ಲ್ಯಾಪ್‌ಟಾಪ್ ತೆರೆದೆ. ಎರರ್ ಇಲ್ಲ, ಏನಿಲ್ಲ! ಕೆಲಸ ನಡುದಾರಿಯಲ್ಲಿ ನಿಂತಿದೆ. ಅಲ್ಲೊಂದು ಷರತ್ತು ಕಂಡಿತು: ರಾಹುಕಾಲವಿದ್ದರೆ ರಿಕ್ವೆಸ್ಟ್ ಕಳಿಸಬೇಡ. ವಾರದ ಏಳೂ ದಿನದ ರಾಹುಕಾಲವನ್ನು ಮಾವ ಅದರೊಳಗೆ ಕೂರಿಸಿದ್ದರು! ಆನೆ ಸಾಮಾನ್ಯವಾಗಿ ಕತ್ತಲಾದ ಮೇಲೆ ಬರುವುದರಿಂದ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

“ಆನೆ ಪಂಚಾಂಗ ನೋಡ್ಕಂಡ್ ಬಂದದಾ ಮಾವ?”

ಅವರು ನನ್ನನ್ನು ಪಕ್ಕಕ್ಕೆ ತಳ್ಳಿ ತಾವೇ ಆ ಷರತ್ತು ಅಳಿಸಿದರು, ರಿಕ್ವೆಸ್ಟನ್ನು ಮತ್ತೆ ಓಡಿಸಿದರು. 200 ಎಂದು ಬಂತು. ಮೆಸೇಜು ಹೋಯಿತೆಂದು ಅರ್ಥ. ನಾನು ಉಸಿರುಬಿಟ್ಟು ತಿರುಗಿ ನೋಡಿದರೆ ಮಾವ ಇಲ್ಲ! ರಾಹುಕಾಲದಲ್ಲಿ ಹೆಣ ಎತ್ತಲು ಕರೆದರೂ ಹೊಸ್ತಿಲು ದಾಟದ ಮನುಷ್ಯ, ಚಪ್ಪಲಿಯನ್ನೂ ಮೆಟ್ಟದೆ ಬೀದಿಯಲ್ಲಿ ಓಡುತ್ತಿದ್ದರು. ನಾನೂ ಹಿಂದೆ ಓಡಿದೆ.

ಊರಾಚೆ ತಿರುವಿನಲ್ಲಿ ಅತ್ತೆ ಹಸುವನ್ನು ದಬ್ಬಿಕೊಂಡು ಬರುತ್ತಿದ್ದರು. ಮೆಸೇಜು ನೋಡಿ ಹಳ್ಳದ ದಾರಿ ಬಿಟ್ಟು ಬೇರೆ ದಾರಿ ಹಿಡಿದರಂತೆ. ಗಂಡನ ಬರಿಗಾಲು ನೋಡಿ ಸಿಡುಕಿದರು.

“ರಾವುಕಾಲ್ದಲ್ಲಿ ನೀವ್ಯಾಕೆ ಈಚ್ಗ್ ಬಂದ್ರಿ?”

ಮಾವ ಅವರ ಕೈಯಿಂದ ಹಗ್ಗ ತೆಗೆದುಕೊಂಡರು.

“ನೀ ಇನ್ನೂ ಮನ್ಗ್ ಬಂದಿರ್ನಿಲ್ವಲ್ಲ.”