ಮಾವನನ್ನು ಕಂಡು ಬೊಗಳಿದ ನಾಯಿಗಳು

ಇಡೀ ನಂಜನಗೂಡಿನಲ್ಲಿ ನಮ್ಮ ಸೋದರಮಾವನಷ್ಟು ಜನಪ್ರಿಯರು ಇನ್ನೊಬ್ಬರಿಲ್ಲ. ಅವರು ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಬೀದಿಗೆ ಬೀದಿಯೇ ಎದ್ದು ನಿಲ್ಲುತ್ತದೆ. ಮುಂದೊಂದು ತಂಡ, ಹಿಂದೊಂದು ತಂಡ, ಜಯಘೋಷವೋ ಜಯಘೋಷ! ಯಾವ ಮಂತ್ರಿಗೆ ಇಂಥ ಸ್ವಾಗತ ಸಿಕ್ಕೀತು ಹೇಳಿ? ವ್ಯತ್ಯಾಸ ಒಂದೇ. ಮಂತ್ರಿಯನ್ನು ಮುತ್ತಿಕೊಳ್ಳುವುದು ಮನುಷ್ಯರು, ಮಾವನನ್ನು ಮುತ್ತಿಕೊಳ್ಳುವುದು ನಾಯಿಗಳು.

ಪಕ್ಕದಲ್ಲಿ ಕಳ್ಳ ಹೋದರೂ ಕಣ್ಣು ಬಿಡದ ಮುದಿನಾಯಿಗಳು ಕೂಡ ಮಾವನನ್ನು ಕಂಡರೆ ಮೈಕೊಡವಿ ಏಳುತ್ತವೆ. ಇದಕ್ಕೆ ಕಾರಣವೇನು ಎಂಬುದರ ಬಗ್ಗೆ ನಮ್ಮ ಕುಟುಂಬದಲ್ಲಿ ಒಮ್ಮತವಿಲ್ಲ. ಮಾವ ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದವರು. ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು ಕಂಡವರ ಮನೆಯ ಗೇಟು ತೆರೆದು ಒಳಗೆ ನುಗ್ಗುವುದೇ ಅವರ ಉದ್ಯೋಗವಾಗಿತ್ತು.

"ಈಗಿನ ನಾಯಿಗಳ ತಾತ ನನ್ನ ನೋಡವ್ನೆ, ಮುತ್ತಾತ ನೋಡವ್ನೆ. ಸಾಯೋವಾಗ ಮಕ್ಳನ್ನ ಕರ್ದು, ಖಾಕಿ ಚೀಲದೋನು ಬಂದ್ರೆ ಬಿಡಬೇಡಿ ಅಂತ ಹೇಳೇ ಸತ್ತವೆ ಕಣೋ ಅಳಿಯ" ಎನ್ನುವುದು ಮಾವನ ವಾದ.

"ತಾತನೂ ಇಲ್ಲ, ಮುತ್ತಾತನೂ ಇಲ್ಲ. ನಿಮ್ಮ ನಡಿಗೇನೇ ಏನೋ ಕದ್ಕೊಂಡು ಹೋಗೋರ ಥರ. ಮದುವೆ ಆದ ಹೊಸದ್ರಲ್ಲಿ ನಂಗೂ ಬೊಗಳೋಣ ಅನ್ಸಿತ್ತು" ಎನ್ನುವುದು ಅತ್ತೆಯ ವಾದ.

ನಾನು ಇದನ್ನೆಲ್ಲ ಬರೆಯುತ್ತಿದ್ದೇನೆಂದು ತಿಳಿದ ಅತ್ತೆ, "ಅವರ ಕೊಡೆ ಯಾವ ಬಣ್ಣ ಅಂತ ಬರ್ದಿದ್ದೀಯ?" ಎಂದು ಕೇಳಿದರು. ಕಪ್ಪು ಎಂದೆ. "ಅವರ ಹತ್ರ ಕಪ್ಪು ಕೊಡೆ ಯಾವತ್ತೂ ಇರ್ಲಿಲ್ಲ" ಎಂದರು. ನನ್ನ ನೆನಪಿನಲ್ಲಿ ಮಾತ್ರ ಮಾವ ಕಪ್ಪು ಕೊಡೆಯನ್ನು ಕತ್ತಿಯಂತೆ ಬೀಸುತ್ತಲೇ ಓಡುತ್ತಾರೆ. ನೆನಪಿಗೆ ಕಪ್ಪೇ ಒಪ್ಪುತ್ತದೆ, ಏನು ಮಾಡಲಿ? ಜಗಳ ಬೇಡವೆಂದು ಕೊಡೆಯನ್ನು ಇಲ್ಲಿಂದ ತೆಗೆದುಬಿಟ್ಟಿದ್ದೇನೆ. ಇನ್ನು ಮುಂದೆ ಮಾವ ಬರಿಗೈಯಲ್ಲಿ ಓಡುತ್ತಾರೆ.

ಹೀಗಿರುವಾಗ ಬೀದಿನಾಯಿಗಳಿಗೆ ರೇಬೀಸ್ ಲಸಿಕೆ ಹಾಕುವ ವ್ಯಾನು ನಮ್ಮ ಬಡಾವಣೆಗೆ ಬಂತು. ಅದರಲ್ಲಿ ಒಬ್ಬ ಯುವ ಪಶುವೈದ್ಯೆ ಇದ್ದರು, ಜೊತೆಗೆ ಉದ್ದ ಹಿಡಿಯ ಬಲೆ ಹಿಡಿದ ಸಿದ್ದರಾಜು. ಸಿದ್ದರಾಜು ಚಿಕ್ಕಯ್ಯನಛತ್ರದವನು, ಬಲೆ ಬೀಸುವುದರಲ್ಲಿ ಹುಲಿ. ಆದರೆ ಬಲೆಗೆ ಬೀಳಲು ನಾಯಿಗಳು ಇರಬೇಕಲ್ಲ! ವ್ಯಾನಿನ ಸದ್ದು ಕೇಳಿದ್ದೇ ತಡ, ಬೀದಿ ಕರ್ಫ್ಯೂ ಹಾಕಿದಂತೆ ಖಾಲಿಯಾಯಿತು. ಡಾಕ್ಟರು ಬಿಸ್ಕತ್ತು ತೋರಿಸಿದರು. ಸಿದ್ದರಾಜು ಬಾಯಲ್ಲಿ ಚುಚುಚು ಎಂದು ಕರೆದ. ಒಂದು ಬಾಲವೂ ಕಾಣಲಿಲ್ಲ.

ಆಗ ಮಾವ ಕೊತ್ತಂಬರಿ ಸೊಪ್ಪು ತರಲು ಹೊರಟರು.

ಚರಂಡಿಯಿಂದ, ಕಾರಿನ ಅಡಿಯಿಂದ, ಕಾಂಪೌಂಡಿನ ಸಂದಿಯಿಂದ, ಮರಳಿನ ರಾಶಿಯ ಹಿಂದಿನಿಂದ ನಾಯಿಗಳು ಉಕ್ಕಿ ಬಂದವು! ಮಾವ ಓಡಿದರು. ಓಡಿದ್ದು ಸೀದಾ ವ್ಯಾನಿನ ಕಡೆಗೆ. ಸಿದ್ದರಾಜು ಬಲೆ ಬೀಸಿದ, ಎತ್ತಿದ, ಮತ್ತೆ ಬೀಸಿದ. ಗಲಾಟೆ ತಣ್ಣಗಾದ ಮೇಲೆ ಡಾಕ್ಟರು ಸಿರಿಂಜು ಕೆಳಗಿಟ್ಟು, ವ್ಯಾನಿನ ಏಣಿ ಹತ್ತಿ ಕೂತಿದ್ದ ಮಾವನನ್ನು ಭಕ್ತಿಯಿಂದ ನೋಡಿ ಕೇಳಿದರಂತೆ: "ಸರ್, ನಾಳೆ ನೀವು ಫ್ರೀನಾ?"

ಮಾವನಿಗೆ ಈ ಕೆಲಸದಲ್ಲಿ ಇದ್ದ ಒಂದೇ ತೊಂದರೆ ಸೂಜಿ. ನಾಯಿ ಹಿಡಿಯುವ ಕೆಲಸ ಮಾಡುವವರೆಲ್ಲ ತಾವೂ ಮುಂಚಿತವಾಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು ಎಂದರು ಡಾಕ್ಟರು.

"ನಾನೇನು ನಾಯೀನೇನಮ್ಮ?"

"ಮನುಷ್ಯರದ್ದು ಬೇರೆ ಇರುತ್ತೆ ಸರ್. ಆಸ್ಪತ್ರೇಲಿ ಹಾಕ್ತಾರೆ."

ಆಸ್ಪತ್ರೆಯಲ್ಲಿ ನರ್ಸಮ್ಮ ಸೂಜಿ ಎತ್ತಿದಾಗ ಮಾವ ಕಿರುಚಿದ ಕಿರುಚಿಗೆ ಹೊರಗಿನ ನಾಯಿಗಳೆಲ್ಲ ಒಂದೇ ಸಮನೆ ಬೊಗಳಿದವಂತೆ. ಇದನ್ನು ಹೇಳಿದ್ದು ಅತ್ತೆ. ಅತ್ತೆ ಆಸ್ಪತ್ರೆಗೆ ಹೋಗಿರಲೇ ಇಲ್ಲ.

ಅಂದಿನಿಂದ ಮಾವನ ಎರಡನೇ ಸರ್ವೀಸ್ ಶುರುವಾಯಿತು. ಬೆಳಿಗ್ಗೆ ಕಾಫಿ ಕುಡಿದು, ಪಂಚೆ ಮೇಲಕ್ಕೆತ್ತಿ ಕಟ್ಟಿ, ಹಳೆಯ ಖಾಕಿ ಚೀಲ ಹೆಗಲಿಗೇರಿಸಿ ಹೊರಟರೆಂದರೆ ಅವರು ಮುಂದೆ, ನಾಯಿಗಳು ಹಿಂದೆ, ಸಿದ್ದರಾಜು ಮೂಲೆಯಲ್ಲಿ. ಲಸಿಕೆ ಬಿದ್ದ ನಾಯಿಯ ಬೆನ್ನಿಗೆ ಗುರುತಿಗೆಂದು ಹಸಿರು ಬಣ್ಣ ಬಳಿಯುತ್ತಿದ್ದರು. ಒಂದು ಮಧ್ಯಾಹ್ನ ಮಾವ ಬೆನ್ನ ಮೇಲೆ ಉದ್ದನೆಯ ಹಸಿರು ಪಟ್ಟೆ ಹೊತ್ತು ಮನೆಗೆ ಬಂದರು. ಅತ್ತೆ ಬಾಗಿಲಲ್ಲೇ ತಡೆದು, "ಸದ್ಯ, ನಿಮ್ಗೂ ಆಯ್ತಲ್ಲ. ಇನ್ನು ಕಚ್ಚಿದ್ರೂ ಭಯ ಇಲ್ಲ, ಒಳಗೆ ಬನ್ನಿ" ಎಂದರು.

ಹೆಣ್ಣು ಗಂಡು ಎನ್ನದೆ ಕೆಲವು ನಾಯಿಗಳನ್ನು ಸಂತಾನಹರಣ ಆಪರೇಷನ್ನಿಗೆ ಒಯ್ದು, ಕಿವಿಯ ತುದಿ ಕತ್ತರಿಸಿ ಗುರುತು ಮಾಡಿ, ವಾಪಸು ಅದೇ ಬೀದಿಗೆ ತಂದು ಬಿಟ್ಟಾಗ ಜನ ರೇಗಿದರು.

"ಅಲ್ರೀ, ಹಿಡ್ಕೊಂಡು ಹೋಗಿದ್ದು ಹೋದ್ರಿ, ತಿರ್ಗಾ ಯಾಕ್ ತಂದ್ ಬಿಟ್ರಿ? ಕವಲಂದೆ ಕಡೆ ಎಲ್ಲಾದ್ರೂ ಬಿಟ್ ಬರೋದಲ್ವಾ?" ಎಂದು ನಮ್ಮ ಬೀದಿಯ ಹಿಟ್ಟಿನ ಗಿರಣಿಯವರು ಕೇಳಿದರು.

ಡಾಕ್ಟರು ಬಾಯಿ ತೆರೆಯುವ ಮೊದಲೇ ಮಾವ ಉತ್ತರಿಸಿದರು: "ಇವನ್ನ ಅಲ್ಲಿ ಬಿಟ್ರೆ ಅಲ್ಲೀವು ಇಲ್ಲಿಗೆ ಬತ್ತವೆ. ಅವಕ್ಕೆ ಇಂಜೆಕ್ಷನ್ನೂ ಆಗಿರಲ್ಲ, ಆಪರೇಷನ್ನೂ ಆಗಿರಲ್ಲ. ಮೇಲಾಗಿ ಇವು ನನ್ನ ಪರಿಚಯದ ನಾಯಿಗಳು ಕಣ್ರೀ. ಹೊಸಾವು ಬಂದ್ರೆ ನಾನು ಮೊದಲಿಂದ ಓಡಬೇಕು!"

ಕೀರ್ತಿ ಕಪಿಲಾ ನದಿ ದಾಟಿ ಹರಡಿತು. ತಿ. ನರಸೀಪುರದಲ್ಲಿ ನಾಯಿಗಳು ಕೈಗೆ ಸಿಗುತ್ತಿಲ್ಲ, ಮಾವನನ್ನು ಕಳಿಸಿಕೊಡಿ ಎಂದು ಕರೆ ಬಂತು. ಮಾವ ಅದನ್ನು 'ಡೆಪ್ಯುಟೇಷನ್' ಎಂದೇ ಕರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟರು, ಖಾಕಿ ಚೀಲ ಇದಕ್ಕೆ ಒಪ್ಪುವುದಿಲ್ಲವೆಂದು ವ್ಯಾನಿನಲ್ಲೇ ಬಿಟ್ಟರು. ಅಲ್ಲಿನ ಬೀದಿಯಲ್ಲಿ ನಡೆದರು. ಒಂದು ನಾಯಿ ಆಕಳಿಸಿತು. ಇನ್ನೊಂದು ಎದ್ದು ಬಂದು, ಮಾವನ ಕಾಲು ಮೂಸಿ, ಬಾಲ ಅಲ್ಲಾಡಿಸಿತು.

"ಸಾ, ಇವು ನಿಮ್ಮನ್ನ ಒಳ್ಳೇರು ಅಂದ್ಕಂಡ್ಬುಟ್ಟವೆ ಸಾ!" ಎಂದ ಸಿದ್ದರಾಜು.

ಜೀವಮಾನದಲ್ಲಿ ಮಾವನಿಗೆ ಅಂಥ ಅವಮಾನ ಆಗಿರಲಿಲ್ಲ. ತಿರುಗಿ ಹೋಗಿ ಖಾಕಿ ಚೀಲ ಹೆಗಲಿಗೇರಿಸಿ, ಒಂದು ಮನೆಯ ಗೇಟನ್ನು ಕಿರ್ರೆಂದು ತೆರೆದು, ಉದ್ಯೋಗದ ದಿನಗಳ ದನಿಯಲ್ಲಿ "ಮೀಟರ್!" ಎಂದು ಕೂಗಿದರು. ಅಷ್ಟೇ. ಇಡೀ ಬೀದಿ ಬೊಗಳುತ್ತಾ ಎದ್ದು ಬಂತು! ಮಾವ ಓಡುತ್ತಲೇ ಹಿಂತಿರುಗಿ ನೋಡಿ ನಕ್ಕರು ಎಂದು ಸಿದ್ದರಾಜು ಆಣೆಯಿಟ್ಟು ಹೇಳುತ್ತಾನೆ. ತಾತ ಮುತ್ತಾತರ ವಾದ ಅಲ್ಲಿಗೆ ಸಾಬೀತಾಯಿತು ಎಂದು ಮಾವ ತಿಳಿದರು. ನಡಿಗೆಯ ವಾದ ಬಿದ್ದುಹೋಯಿತು ಎಂದು ಅತ್ತೆ ಮಾತ್ರ ಈಗಲೂ ಒಪ್ಪಿಲ್ಲ.

ಇಷ್ಟೆಲ್ಲ ಗೆದ್ದ ಮಾವನಿಗೆ ಸೋಲು ಕಾದಿದ್ದದ್ದು ಸ್ವಂತ ಬೀದಿಯಲ್ಲಿ. ಗಿರಣಿಯ ಜಗಲಿಯ ಮೇಲೆ ಒಂದು ಕಂದು ಬಣ್ಣದ ಹೆಣ್ಣುನಾಯಿ ಇತ್ತು. ಬರುವವರನ್ನೂ ಹೋಗುವವರನ್ನೂ ತನಿಖೆ ಮಾಡುತ್ತಾಳೆಂದು ಮಾವ ಅವಳಿಗೆ 'ಅಮಲ್ದಾರಮ್ಮ' ಎಂದು ಹೆಸರಿಟ್ಟಿದ್ದರು. ತಗಡಿನ ಚಾವಣಿಯ ಮೇಲೆ ಜಲ್ಲಿಕಲ್ಲು ಸುರಿದಂಥ ದನಿ. ಗಿರಣಿಯಿಂದ ಮೋರಿಯ ಹಾಸುಗಲ್ಲಿನವರೆಗೆ ಅವಳ ಸರಹದ್ದು. ಮಾವ ಸರಹದ್ದಿನೊಳಗೆ ಬಂದರೆ ಅಟ್ಟಿಸಿಕೊಂಡು ಬರುತ್ತಾಳೆ. ಮಾವ ಹಾಸುಗಲ್ಲು ದಾಟಿದ ಕೂಡಲೇ ನಿಲ್ಲುತ್ತಾಳೆ. ಮಾವ ಆಚೆ ನಿಂತು ಬೈಯುತ್ತಾರೆ. ಅವಳು ಈಚೆ ನಿಂತು ಕೇಳಿಸಿಕೊಳ್ಳುತ್ತಾಳೆ. ವರ್ಷಗಳಿಂದ ಪ್ರತಿ ಬೆಳಿಗ್ಗೆ ನಡೆದುಬಂದ ಪದ್ಧತಿ ಇದು. ಸಿದ್ದರಾಜು ಬಲೆ ಹಿಡಿದು ಹಾಸುಗಲ್ಲಿನ ಆಚೆ ನಿಂತರೆ ಅವಳು ದಾಟುವುದಿಲ್ಲ. ಈಚೆ ಬಂದರೆ ಗಿರಣಿಯ ಹಿಂದೆ ಮಾಯ. ಬೀದಿಯ ನಾಯಿಗಳಿಗೆಲ್ಲ ಹಸಿರು ಬಣ್ಣ ಬಿತ್ತು, ಅಮಲ್ದಾರಮ್ಮನ ಬೆನ್ನು ಮಾತ್ರ ಕಂದಾಗಿಯೇ ಉಳಿಯಿತು.

ಆ ವಾರ ಬಿಳಿಗೆರೆ ಕಡೆಯ ಹಳ್ಳಿಯೊಂದರಲ್ಲಿ ಹುಚ್ಚುನಾಯಿ ಎಮ್ಮೆಗರುವನ್ನು ಕಚ್ಚಿತೆಂದು ಸುದ್ದಿ ಬಂತು. ಸುದ್ದಿ ನಮ್ಮ ಬೀದಿಗೆ ಬರುವ ಹೊತ್ತಿಗೆ ಎಮ್ಮೆಗರು ಎಮ್ಮೆಯಾಗಿ, ಎಮ್ಮೆ ಮನುಷ್ಯನಾಗಿತ್ತು. ಗಿರಣಿಯವರು ಮಾವನ ಮನೆಗೇ ಬಂದರು.

"ಎಲ್ಲಾ ನಾಯಿಗೂ ಇಂಜೆಕ್ಷನ್ ಆಗಿದೆ, ಇದೊಂದಕ್ಕೆ ಇಲ್ಲ. ಸ್ಕೂಲ್ ಮಕ್ಳು ಓಡಾಡೋ ದಾರಿ ಇದು. ಭಾನುವಾರದೊಳಗೆ ಸಿಗ್ನಿಲ್ಲ ಅಂದ್ರೆ ಅನ್ನದಲ್ಲಿ ಏನಾದ್ರೂ ಬೆರ್ಸಿ ಇಟ್ಬುಡ್ತೀವಿ. ಆಮೇಲೆ ಬೇಜಾರ್ ಮಾಡ್ಕೋಬೇಡಿ."

ಮಾವ ಕೂತಲ್ಲಿಂದ ಎದ್ದರು. "ಅದು ನನ್ನ ಮೇಲೆ ಬೊಗಳೋ ನಾಯಿ ಕಣ್ರೀ! ತಕರಾರಿದ್ರೆ ನನಗಿರ್ಬೇಕು. ನಿಮಗೇನ್ರೀ?"

ಗಿರಣಿಯವರು ಹೋದ ಮೇಲೆ ಅತ್ತೆ, "ಅಷ್ಟೊಂದು ಪ್ರೀತಿ ಇದ್ರೆ ಒಂದಿನ ನಿಂತು ಮಾತಾಡ್ಸಿ, ಯಾಕೆ ಓಡ್ತೀರಿ?" ಎಂದರು. ಅತ್ತೆ ಹೇಳಿದ್ದು ತಮಾಷೆಗೆ. ಮಾವ ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ವ್ಯಾನನ್ನು ದೂರದಲ್ಲಿ ನಿಲ್ಲಿಸಿದರು. ಸಿದ್ದರಾಜು ಗಿರಣಿಯ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತ, ಅವನ ಹಿಂದೆ ಸಿರಿಂಜು ಹಿಡಿದ ಡಾಕ್ಟರು. ಮಾವ ಖಾಕಿ ಚೀಲ ಹಾಕಿಕೊಂಡು ಸರಹದ್ದಿನೊಳಗೆ ಕಾಲಿಟ್ಟರು. ಅಮಲ್ದಾರಮ್ಮ ಜಗಲಿಯಿಂದ ಹಾರಿದಳು. ಮಾವ ಅರ್ಧ ದಾರಿ ಓಡಿ, ಅಲ್ಲೇ, ನಟ್ಟನಡು ಬೀದಿಯಲ್ಲಿ, ಪದ್ಮಾಸನ ಹಾಕಿ ಕೂತುಬಿಟ್ಟರು! ನಾನು ಅಲ್ಲಿರಲಿಲ್ಲ. ಆದರೂ ಅಮಲ್ದಾರಮ್ಮನ ಮುಖ ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ವರ್ಷ ಓಡಿದ ಮನುಷ್ಯ ಇದ್ದಕ್ಕಿದ್ದಂತೆ ಕೂತರೆ ನಾಯಿಯಾದವಳು ಏನು ಮಾಡಬೇಕು? ಅವಳು ಬೊಗಳುವುದನ್ನು ಮರೆತಳು. ಒಂದು ಸುತ್ತು ಹಾಕಿದಳು. ಹತ್ತಿರ ಬಂದಳು. ಕೊನೆಗೆ, ಏಳು ಎನ್ನುವಂತೆ, ಪಂಚೆಯ ಅಂಚನ್ನು ಬಾಯಲ್ಲಿ ಹಿಡಿದು ಎಳೆದಳು.

ಸಿದ್ದರಾಜು ಬಲೆ ಬೀಸಿದ. ಬಲೆ ಇಬ್ಬರ ಮೇಲೂ ಬಿತ್ತು.

"ಅಲ್ಲಾಡ್ಬ್ಯಾಡಿ ಸಾ! ನಿಮ್ಮ ಕಾಲು ಯಾವ್ದು ಯೋಳಿ ಸಾ!"

"ಕಾಲು ಆಮೇಲೆ ಹುಡುಕ್ಲಾ ಸಿದ್ದರಾಜು! ಮೊದ್ಲು ಅವಳಿಗೆ ಹಾಕ್ರಮ್ಮ, ಅವಳಿಗೆ ಹಾಕಿ!"

ಡಾಕ್ಟರು ಹಾಕಿದರು. ಹಸಿರು ಬಣ್ಣ ಅರ್ಧ ಅಮಲ್ದಾರಮ್ಮನ ಬೆನ್ನಿಗೂ ಅರ್ಧ ಮಾವನ ಬೋಳುತಲೆಗೂ ಬಿತ್ತು. ಆ ಒದ್ದಾಟದಲ್ಲಿ ಅವಳ ಹಲ್ಲು ಮಾವನ ಅಂಗೈ ಗೀರಿ ರಕ್ತ ಬಂದದ್ದನ್ನು ಮೊದಲು ನೋಡಿದವರು ಡಾಕ್ಟರು. ಕೂಡಲೇ ನಲ್ಲಿಯ ಕೆಳಗೆ ಕೈಹಿಡಿಸಿ, ಸೋಪು ಹಚ್ಚಿ, ಸಾಕು ಸಾಕು ಎಂದರೂ ಬಿಡದೆ ತೊಳೆಸಿದರು. ಮುಂಚೆ ಹಾಕಿಸಿಕೊಂಡಿದ್ದರೂ ಈಗ ಮತ್ತೆರಡು ಇಂಜೆಕ್ಷನ್ ಆಗಲೇಬೇಕು ಎಂದರು.

"ನನ್ದಿರ್ಲಿ. ಅವಳಿಗೆ ಇನ್ನೇನೂ ಭಯ ಇಲ್ಲ ತಾನೇ?"

ಡಾಕ್ಟರು ನಲ್ಲಿ ನಿಲ್ಲಿಸಿ ಹೇಳಿದರು. "ಇನ್ಮುಂದೆ ಬರೋದಕ್ಕೆ ಭಯ ಇಲ್ಲ ಸರ್. ಆದ್ರೆ ಈಗಾಗ್ಲೇ ಎಲ್ಲೋ ಕಚ್ಚಿಸ್ಕೊಂಡು ಒಳಗೆ ಹೊಕ್ಕಿದ್ರೆ, ಈ ಇಂಜೆಕ್ಷನ್ ತಡೆಯುತ್ತೆ ಅಂತ ಹೇಳೋಕಾಗಲ್ಲ. ಹತ್ತು ದಿನ ಕಣ್ಣಿಟ್ಟಿರಿ. ತಿನ್ನೋದು ಬಿಟ್ರೆ, ಮಂಕಾದ್ರೆ, ಬೊಗಳೋ ದನಿ ಬದಲಾದ್ರೆ ಕೂಡಲೇ ಫೋನ್ ಮಾಡಿ."

ಮರುದಿನ ಬೆಳಿಗ್ಗೆ ಮಾವ ಸರಹದ್ದಿನೊಳಗೆ ಕಾಲಿಟ್ಟರು. ಅಮಲ್ದಾರಮ್ಮ ಜಗಲಿಯ ಮೇಲಿಂದ ನೋಡಿದಳು. ಬೊಗಳಲಿಲ್ಲ.

ಅದರ ಮರುದಿನವೂ ಇಲ್ಲ. ಗಿರಣಿಯವರು ಹಾಕಿದ ಅನ್ನವನ್ನು ತಿನ್ನುತ್ತಿದ್ದಳು, ನೀರು ಕುಡಿಯುತ್ತಿದ್ದಳು. ದನಿ ಮಾತ್ರ ಇಲ್ಲ.

"ನಾಚಿಕೆ ಆಗಿರತ್ತೆ ಬಿಡಿ. ಊರೆಲ್ಲ ನೋಡೋ ಹಾಗೆ ಗಂಡಸಿನ ಜೊತೆ ಒಂದೇ ಬಲೇಲಿ ಸಿಕ್ಕಾಕೊಂಡ್ರೆ ಯಾರಿಗ್ ತಾನೇ ಆಗಲ್ಲ?" ಎಂದರು ಅತ್ತೆ.

ಮಾವ ನಗಲಿಲ್ಲ. ಅತ್ತೆಯ ಮಾತಿಗೆ ಮಾವ ನಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಖಾಕಿ ಚೀಲ ಹಾಕಿಕೊಂಡು ಗಿರಣಿಯ ಮುಂದೆ ಸುಮ್ಮನೆ ನಡೆದು ಬರುತ್ತಿದ್ದರು. ಬೇರೆ ಬೀದಿಯ ನಾಯಿಗಳು ಕಿರುಚಿಕೊಂಡು ಹಿಂದೆ ಬಂದರೆ ಅವಕ್ಕೆ ಗಮನವೇ ಕೊಡುತ್ತಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿ, "ಬೊಗಳಿದ್ರೆ ತಾನೇ ದನಿ ಬದಲಾಗಿದ್ಯೋ ಇಲ್ವೋ ಗೊತ್ತಾಗೋದು?" ಎಂದು ಕೇಳುತ್ತಿದ್ದರು. ಅನ್ನ ಕಲಸಿ, ಹಾಗೇ ಕೈತೊಳೆದು ಏಳುತ್ತಿದ್ದರು. ಅವರ ಅಂಗೈಯ ಗಾಯ ಆಗಲೇ ಮಾಯುತ್ತಿತ್ತು. ಅದನ್ನು ಅವರು ಒಮ್ಮೆಯೂ ನೋಡಿಕೊಂಡಂತೆ ಕಾಣಲಿಲ್ಲ.

ಡಾಕ್ಟರು ಹೇಳಿದ ಗಡುವಿನ ಕೊನೆಯ ಬೆಳಿಗ್ಗೆ ನಾನು ಜೊತೆಗೆ ಹೋಗಿದ್ದೆ. ಈ ಒಂದು ಸಂಗತಿಯಲ್ಲಿ ಮಾತ್ರ ಅತ್ತೆ ನನ್ನನ್ನು ತಿದ್ದಿಲ್ಲ. ಅಮಲ್ದಾರಮ್ಮ ಜಗಲಿಯ ಮೇಲೆ ಮುಂಗಾಲುಗಳ ನಡುವೆ ಮೂತಿಯಿಟ್ಟು ಮಲಗಿದ್ದಳು. ಬೆನ್ನಿನ ಹಸಿರು ಮಾಸಿತ್ತು. ಮಾವ ಅವಳೆದುರು ಹೋಗಿ ನಿಂತರು. ಕೆಮ್ಮಿದರು. "ಮೀಟರ್!" ಎಂದರು. ಅವಳು ಒಂದು ಕಣ್ಣು ತೆರೆದು ಮುಚ್ಚಿದಳು.

ಆಗ ಮಾವ ಪಂಚೆ ಮೇಲೆತ್ತಿ ಕಟ್ಟಿ ಓಡತೊಡಗಿದರು. ಹಿಂದೆ ಯಾರೂ ಇಲ್ಲ. ಖಾಲಿ ಬೀದಿಯಲ್ಲಿ, ಮಂಡಿನೋವಿನ ಮುದುಕರೊಬ್ಬರು ಖಾಕಿ ಚೀಲ ಸೊಂಟಕ್ಕೆ ಬಡಿಸಿಕೊಳ್ಳುತ್ತಾ, ತಿರುತಿರುಗಿ ನೋಡುತ್ತಾ, ತಮ್ಮನ್ನು ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಓಡುತ್ತಿದ್ದರು. ಗಿರಣಿಯವರು ಬಾಗಿಲಿಗೆ ಬಂದು ನೋಡಿದರು. ನಗಬೇಕೆಂದು ತೆರೆದ ಬಾಯಿ ಹಾಗೇ ಮುಚ್ಚಿತು.

ಹಾಸುಗಲ್ಲು ಇನ್ನೇನು ಬಂತು ಎನ್ನುವಾಗ ನನ್ನ ಹಿಂದೆ ಜಗಲಿಯ ಮೇಲೆ ಉಗುರು ಗೀಚಿದ ಸದ್ದು. ಆಮೇಲೆ ತಗಡಿನ ಚಾವಣಿಯ ಮೇಲೆ ಜಲ್ಲಿಕಲ್ಲು, ಲಾರಿಗಟ್ಟಲೆ!

ಮಾವ ಹಾಸುಗಲ್ಲು ದಾಟಲಿಲ್ಲ. ಸರಹದ್ದಿನೊಳಗೇ ನಿಂತು, ಮಂಡಿಯ ಮೇಲೆ ಕೈಯೂರಿ ಬಗ್ಗಿದರು. ಅಮಲ್ದಾರಮ್ಮನೂ ಅವರೆದುರು ಬಂದು ನಿಂತಳು. ಇಬ್ಬರೂ ಏದುಸಿರು ಬಿಡುತ್ತಿದ್ದರು. ಮಾವ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. ಬೆವರಿಗೆ ಅಷ್ಟು ಹೊತ್ತು ಒರೆಸಬೇಕಾಗಿರಲಿಲ್ಲ.

"ಅದೇ ದನಿ ಕಣೋ ಅಳಿಯ" ಎಂದರು ನನ್ನತ್ತ ನೋಡದೆ. ಆಮೇಲೆ ಅವಳಿಗೆ, ಮೆಲ್ಲಗೆ: "ಬೊಗಳು ತಾಯಿ. ಇನ್ನೊಂದ್ ಸಲ ಬೊಗಳು."